ಯಡಹಳ್ಳಿ ಗುಡ್ಡದಿಂದ ಪ್ರಾಕ್ಸಿಮಾದ ಕಡೆಗೆ

ಬೀಳಗಿಯಿಂದ ಯಡಹಳ್ಳಿಯ ಕಡೆ ಹೊರಟರೆ ಕಬ್ಬು, ಜೋಳದ ಎರೆಹೊಲಗಳು ಹಿಂದೆ ಸರಿದು ಕಲ್ಲುಮರಡಿ ಶುರುವಾಗುತ್ತದೆ. ಜಾಲಿ, ಕುರುಚಲು, ಒಣಹುಲ್ಲು. ಬೀಳಗಿ, ಮುಧೋಳ ತಾಲ್ಲೂಕುಗಳ ಈ ಗುಡ್ಡಗಾಡು 2016ರಲ್ಲಿ ಚಿಂಕಾರ ಹುಲ್ಲೆಗಳ ವನ್ಯಧಾಮವಾಯಿತು. ಅದೇ ವರ್ಷ ಆಗಸ್ಟಿನಲ್ಲಿ, ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಗೂ ಒಂದು ಗ್ರಹವಿದೆ ಎಂಬ ಸುದ್ದಿ ಬಂತು. ದೂರ 4.2 ಜ್ಯೋತಿರ್ವರ್ಷ, ಹೆಸರು ಪ್ರಾಕ್ಸಿಮಾ ಬಿ. ಅದು ಹೇಗಿದ್ದೀತೆಂದು ಊಹಿಸಲು ಈ ಮರಡಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಕಾರಣ ಕಾಲಡಿಯಲ್ಲೇ ಇದೆ. ಇದು ಕಲಾದಗಿ ಶಿಲಾಸ್ತರ. ಪಕ್ಕದ ಕಲಾದಗಿಯ ಹೆಸರಿನಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು ವಿವರಿಸಿದ. ಬಾಗಿ ನೋಡಿದರೆ ಬಂಡೆಯ ಮೈಮೇಲೆ ಸಾಲುಸಾಲು ಅಲೆಗೆರೆ, ಬೆರಳಾಡಿಸಿದರೆ ಏರಿಳಿತ ಕೈಗೇ ಸಿಗುತ್ತದೆ. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಕಡಲಿತ್ತು, ಅದರ ಮರಳೇ ಹೀಗೆ ಕಲ್ಲಾಗಿದೆ. ಆಗ ಗಾಳಿಯಲ್ಲಿದ್ದ ಆಮ್ಲಜನಕ ಈಗಿನದರ ಒಂದು ಚಿಕ್ಕ ಪಾಲು. ದಂಡೆಯ ಮೇಲೆ ಹುಲ್ಲಿಲ್ಲ, ಹುಳುವಿಲ್ಲ. ಚಂದ್ರ ಇನ್ನೂ ಹತ್ತಿರವಿದ್ದ, ದಿನ 24 ತಾಸಿಗಿಂತ ಗಿಡ್ಡವಿತ್ತು. ಇದೇ ಬೀಳಗಿ ಸೀಮೆಯಲ್ಲಿ ಆಗ ನಿಂತಿದ್ದರೆ ನಮಗೆ ಉಸಿರು ಕಟ್ಟುತ್ತಿತ್ತು. ಅಂದರೆ ಇದೂ ಒಂದು ಕಾಲಕ್ಕೆ ಪರಲೋಕದಂಥ ಗ್ರಹವೇ.

ಚಂದ್ರನ ಸೆಳೆತಕ್ಕೆ ಏಳುವ ಉಬ್ಬರವಿಳಿತ ಭೂಮಿಯ ತಿರುಗಾಟವನ್ನು ತಡೆದೂ ತಡೆದೂ ದಿನವನ್ನು ಉದ್ದ ಮಾಡಿತು. ಪ್ರಾಕ್ಸಿಮಾ ಬಿ 11.2 ದಿನಕ್ಕೊಮ್ಮೆ ಸುತ್ತುವಷ್ಟು ತನ್ನ ನಕ್ಷತ್ರಕ್ಕೆ ಹತ್ತಿರ. ಅಲ್ಲಿ ಈ ತಡೆ ಎಷ್ಟು ಬಲವಾದದ್ದೆಂದರೆ, ಗ್ರಹ ಬಹುಶಃ ಸದಾ ಒಂದೇ ಮಗ್ಗುಲನ್ನು ಬೆಳಕಿಗೆ ಒಡ್ಡಿಕೊಂಡಿದೆ. ನಡುಹಗಲಲ್ಲಿ ಜಾಲಿಯ ನೆರಳು ಸರಿದಂತೆ ಇಲ್ಲಿ ಚಿಂಕಾರವೂ ಸರಿಯಬೇಕು. ಅಲ್ಲಿ ನೆರಳು ಸರಿಯುವುದೇ ಇಲ್ಲ. ನಮ್ಮ ಸೂರ್ಯನ ಮೂರರಷ್ಟು ಅಗಲದ ಕೆಂಬಿಂಬ ಇದ್ದಲ್ಲೇ ಇರುತ್ತದೆ. ಗಾಳಿ ಇದ್ದರೆ ಅದು ನೆಲದ ಮಟ್ಟದಲ್ಲಿ ಕತ್ತಲ ಕಡೆಯಿಂದ ಬೆಳಕಿನ ಕಡೆಗೆ ಬೀಸೀತು. ನೀರಿದ್ದರೆ, ಬಿಂಬ ನೆತ್ತಿಯ ಮೇಲಿರುವ ಸೀಮೆಗೆ ದಟ್ಟ ಮೋಡ ಕವಿದೀತು.

ಆದರೆ 2019ರ ಮೇ 1ರಂದು ಪ್ರಾಕ್ಸಿಮಾ ಕೆಲವೇ ಸೆಕೆಂಡುಗಳಲ್ಲಿ ಅತಿನೇರಳೆ ಬೆಳಕಿನಲ್ಲಿ ಸುಮಾರು 14,000 ಪಟ್ಟು ಭುಗಿಲೆದ್ದಿತು. ಇಂಥ ಹೊಡೆತಗಳನ್ನು ಕೋಟ್ಯಂತರ ವರ್ಷ ತಿಂದ ಗ್ರಹಕ್ಕೆ ವಾಯುಮಂಡಲ ಉಳಿದಿದೆಯೇ? ಉಳಿದಿರಲಿ ಎಂಬುದು ನನ್ನ ಮನದಾಸೆ. ಹಾಗಂತ ಚಿತ್ರಕಾರರು ಬಿಡಿಸುವ ಅಲ್ಲಿನ ನೀಲಿ ಸರೋವರಗಳನ್ನು ಸದ್ಯಕ್ಕಂತೂ ನಂಬಲಾರೆ. ಈ ಗ್ರಹ ನಕ್ಷತ್ರದ ಮುಂದೆ ಹಾದು ಹೋಗುವುದು ನಮಗೆ ಕಂಡಿಲ್ಲ. ಹಾಗಾಗಿ ಅದರಿಂದ ಪ್ರತಿಫಲಿಸಿದ ಮಿಣುಕು ಬೆಳಕನ್ನೇ ಹಿಡಿದು ಪರೀಕ್ಷಿಸಬೇಕು. ಚಿಲಿಯಲ್ಲಿ ಕಟ್ಟುತ್ತಿರುವ 39 ಮೀಟರ್ ಕನ್ನಡಿಯ ದೂರದರ್ಶಕದ ಮೇಲೆ ಅದಕ್ಕೇ ಅಷ್ಟು ನಿರೀಕ್ಷೆ.

ಆ ದಿಕ್ಕನ್ನಾದರೂ ನೋಡಬೇಕೆನ್ನುವವರು ಮೇ ಕೊನೆಗೆ, ಮಳೆಮೋಡ ಕಟ್ಟುವ ಮೊದಲು ಬನ್ನಿ. ರಾತ್ರಿ ಹತ್ತೂವರೆಗೆ ದಕ್ಷಿಣಕ್ಕೆ ಮುಖ ಮಾಡಿ ಕೈ ಚಾಚಿದರೆ, ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ ಆಲ್ಫಾ ಸೆಂಟಾರಿ ಹೊಳೆಯುತ್ತದೆ. ಪ್ರಾಕ್ಸಿಮಾ ಅದರ ಕೆಳಗೆ, ತುಸು ಬಲಕ್ಕೆ, ಎರಡು ಡಿಗ್ರಿಯಷ್ಟು ದೂರ. ಬರಿಗಣ್ಣಿಗೆ ಕಾಣದು, ದೂರದರ್ಶಕ ಬೇಕು. ವನ್ಯಧಾಮದೊಳಗೆ ಹೋಗದೆ ಹೊರಗಿನ ಹೊಲದ ಬದುವಿನಲ್ಲೇ ನಿಲ್ಲಿ, ಬ್ಯಾಟರಿ ಆರಿಸಿರಿ. ಚಿಂಕಾರಗಳಿಗೂ ತೊಂದರೆಯಾಗದು.