ನಿಮಗಿದು ಗೊತ್ತೆ? ಲಾರಿ ಬೆನ್ನಟ್ಟಿತು, ಕಥೆ ಹುಟ್ಟಿತು

1963ರ ನವೆಂಬರ್ 22. ಅಮೆರಿಕದ ಅಧ್ಯಕ್ಷ ಕೆನಡಿ ಅವರ ಹತ್ಯೆಯ ಸುದ್ದಿ ಕೇಳಿ, ಲೇಖಕ ರಿಚರ್ಡ್ ಮ್ಯಾಥಸನ್ ಗಾಲ್ಫ್ ಆಟ ಬಿಟ್ಟು ಗೆಳೆಯನ ಜೊತೆ ಕಾರಿನಲ್ಲಿ ಮನೆಗೆ ಹೊರಟಿದ್ದರು. ಕ್ಯಾಲಿಫೋರ್ನಿಯಾದ ಇಕ್ಕಟ್ಟಾದ ಕಣಿವೆ ರಸ್ತೆಯಲ್ಲಿ ಲಾರಿಯೊಂದು ಅವರ ಬೆನ್ನು ಹತ್ತಿತು. ಎಷ್ಟು ವೇಗವಾಗಿ ಓಡಿಸಿದರೂ ಬಿಡಲೊಲ್ಲದು! ಕಡೆಗೆ ಕಾರನ್ನು ರಸ್ತೆಯಂಚಿಗೆ ತಿರುಗಿಸಿ ಜೀವ ಉಳಿಸಿಕೊಂಡರು. ಆ ಭಯವೇ 1971ರಲ್ಲಿ ‘ಡ್ಯುಯಲ್’ ಕಥೆಯಾಯಿತು. ಅದೇ ವರ್ಷ ಅದು ಟಿ.ವಿ. ಚಿತ್ರವೂ ಆಯಿತು. ಚಿತ್ರಕಥೆ ಮ್ಯಾಥಸನ್ ಅವರದೇ. ನಿರ್ದೇಶಕ ಆಗಿನ್ನೂ 24ರ ಹುಡುಗ, ಸ್ಟೀವನ್ ಸ್ಪೀಲ್‌ಬರ್ಗ್.

1926ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಮ್ಯಾಥಸನ್, ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿದ್ದರು. ಬಳಿಕ ಪತ್ರಿಕೋದ್ಯಮ ಓದಿದರು. 1954ರ ಕಾದಂಬರಿ ‘ಐ ಆಮ್ ಲೆಜೆಂಡ್’ನಲ್ಲಿ ರಕ್ತಪಿಶಾಚಿಗಳ ಕಾಟಕ್ಕೆ ಮಾಟ ಮಂತ್ರವಲ್ಲ, ರೋಗಾಣು ಕಾರಣ! ದೆವ್ವದ ಕಥೆಗೆ ಸೂಕ್ಷ್ಮದರ್ಶಕ ಹಿಡಿದ ಈ ಜಾಣ್ಮೆಯೇ ಅವರ ನಿಜವಾದ ಹೆಚ್ಚುಗಾರಿಕೆ. ಕಾದಂಬರಿ 1964, 1971 ಮತ್ತು 2007ರಲ್ಲಿ ಮೂರು ಬಾರಿ ತೆರೆಗೆ ಬಂತು. ಮೊದಲ ಚಿತ್ರ ಅವರಿಗೆ ಎಷ್ಟು ಹಿಡಿಸಲಿಲ್ಲವೆಂದರೆ, ಚಿತ್ರಕಥೆಗೆ ತಮ್ಮ ಹೆಸರು ಬೇಡವೆಂದು ‘ಲೋಗನ್ ಸ್ವಾನ್ಸನ್’ ಎಂಬ ಗುಪ್ತನಾಮ ಹಾಕಿಸಿದರು. ಜಾರ್ಜ್ ರೊಮೆರೊ ಅವರ 1968ರ ಪ್ರಸಿದ್ಧ ಜೊಂಬಿ ಚಿತ್ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ಗೂ ಈ ಕಾದಂಬರಿಯೇ ಪ್ರೇರಣೆ.

ವಿಮಾನದ ರೆಕ್ಕೆಯ ಮೇಲೆ ಕುಳಿತ ಪಿಶಾಚಿ ಒಬ್ಬನೇ ಪ್ರಯಾಣಿಕನ ಕಣ್ಣಿಗೆ ಬೀಳುವ ‘ಟ್ವಿಲೈಟ್ ಜೋನ್’ ಧಾರಾವಾಹಿಯ ಕಂತು ಬರೆದದ್ದೂ ಇವರೇ. ತಮ್ಮ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ ಲೇಖಕ ಮ್ಯಾಥಸನ್ ಎಂದು ಕಾದಂಬರಿಕಾರ ಸ್ಟೀಫನ್ ಕಿಂಗ್ ಹೇಳಿಕೊಂಡಿದ್ದಾರೆ. ಮ್ಯಾಥಸನ್ 2013ರಲ್ಲಿ ನಿಧನರಾದರು.