ಪಂಚಮಚಕ್ರವೂ ಭರತನ ವೀಣಾದ್ವಯವೂ

ಪಾಶ್ಚಾತ್ಯ ಸಂಗೀತಶಾಸ್ತ್ರವನ್ನು ಅಭ್ಯಸಿಸುವವರಿಗೆ ಮೊದಲು ಒದಗಿಸುವ ಸಾಧನಗಳಲ್ಲಿ ಪಂಚಮಚಕ್ರವು ಮುಖ್ಯವಾದುದು. ಗಡಿಯಾರದ ಮುಖದಂತೆ ಒಂದು ವೃತ್ತವನ್ನು ಬರೆದು, ಅದರ ಹನ್ನೆರಡು ಸ್ಥಾನಗಳಲ್ಲಿ ಹನ್ನೆರಡು ಸ್ವರಗಳನ್ನು, ಪ್ರತಿಯೊಂದೂ ತನ್ನ ಹಿಂದಿನದಕ್ಕೆ ಪಂಚಮವಾಗುವಂತೆ ಇರಿಸುವುದೇ ಇದರ ಸ್ವರೂಪ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ನಿಕೊಲಾಯ್ ದಿಲೆತ್ಸ್ಕಿಯ ಗ್ರಂಥದಲ್ಲಿಯೂ, 1728ರಲ್ಲಿ ಪ್ರಕಟವಾದ ಯೊಹಾನ್ ದಾವಿದ್ ಹೈನಿಖೆನ್ನನ ಗ್ರಂಥದಲ್ಲಿಯೂ ಇಂತಹ ಚಕ್ರಗಳುಂಟು. ಇಂದು ಅದು ತಿರುಗುವ ರಟ್ಟಿನ ಬಿಲ್ಲೆಯಾಗಿಯೂ, ಗಣಕಯಂತ್ರದ ಮತ್ತು ಕೈಫೋನಿನ ತೆರೆಯ ಮೇಲಿನ ಚಿತ್ರವಾಗಿಯೂ ವಿದ್ಯಾರ್ಥಿಗಳ ಕೈಸೇರಿದೆ.

ಈ ಚಕ್ರದಿಂದಾಗುವ ಪ್ರಯೋಜನವು ಅಲ್ಪವಲ್ಲ. ಶಂಕರಾಭರಣದ ಸ್ವರಗಳನ್ನೇ ಉದಾಹರಣೆಯಾಗಿ ಕೊಳ್ಳಬಹುದು. ಅದರ ಪಂಚಮವನ್ನು ಷಡ್ಜವೆಂದು ಭಾವಿಸಿ ಮತ್ತೆ ಶಂಕರಾಭರಣವನ್ನೇ ಪಡೆಯಬೇಕಾದರೆ, ಶುದ್ಧಮಧ್ಯಮವೊಂದನ್ನು ಪ್ರತಿಮಧ್ಯಮವಾಗಿ ಏರಿಸಿದರೆ ಸಾಕು; ಮಿಕ್ಕ ಆರು ಸ್ವರಗಳು ಅಂತೆಯೇ ನಿಲ್ಲುತ್ತವೆ. ಮಧ್ಯಮವನ್ನು ಷಡ್ಜವಾಗಿ ಮಾಡಿದರೆ, ಕಾಕಲಿನಿಷಾದವೊಂದನ್ನು ಕೈಶಿಕಿಗೆ ಇಳಿಸಿದರೆ ಸಾಕು. ಚಕ್ರದಲ್ಲಿ ಪಕ್ಕಪಕ್ಕದಲ್ಲಿರುವ ಸ್ಥಾನಗಳಿಗೆ ಒಂದೇ ಸ್ವರದ ಭೇದ. ದೂರ ಹೆಚ್ಚಿದಂತೆ ಭೇದವೂ ಹೆಚ್ಚುತ್ತದೆ. ಇನ್ನು 'ಕಾರ್ಡ್' ಎಂದು ಪಾಶ್ಚಾತ್ಯರು ಕರೆಯುವ, ಏಕಕಾಲದಲ್ಲಿ ನುಡಿಯುವ ಸ್ವರಗುಚ್ಛಗಳ ವಿಚಾರ. ಷಡ್ಜವನ್ನೂ ಅದರ ಎಡಬಲಗಳಲ್ಲಿರುವ ಮಧ್ಯಮ ಪಂಚಮಗಳನ್ನೂ ಆಧಾರವಾಗಿ ಹಿಡಿದರೆ ಸ-ಗ-ಪ, ಮ-ಧ-ಸ, ಪ-ನಿ-ರಿ ಎಂಬ ಮೂರು ಗುಚ್ಛಗಳು ದೊರೆತು, ಮೇಳದ ಏಳು ಸ್ವರಗಳೂ ಅವುಗಳಲ್ಲಿಯೇ ಅಡಕವಾಗುತ್ತವೆ. ಇಷ್ಟನ್ನು ಒಂದು ನೋಟದಲ್ಲಿ ತೋರಿಸುವ ಸಾಧನವನ್ನು ಕೊಂಡಾಡಲೇಬೇಕು.

ಆದರೆ ಈ ಚಕ್ರವು ನಿಜವಾಗಿ ಮುಚ್ಚಿಕೊಳ್ಳುವುದೇ ಎಂಬುದು ವಿಚಾರಣೀಯ. ಶುದ್ಧಪಂಚಮದ ಪ್ರಮಾಣವು 3:2. ಹನ್ನೆರಡು ಪಂಚಮಗಳನ್ನು ಒಂದರ ಮೇಲೊಂದು ಏರಿದರೆ ಏಳು ಸ್ಥಾಯಿಗಳ ಮೇಲಿನ ಷಡ್ಜವು ಬರಬೇಕಷ್ಟೆ. ಬರುವುದಾದರೋ ಅದಕ್ಕಿಂತ 531441:524288 ರಷ್ಟು ಏರಿದ ಸ್ವರ. ಚಿತ್ರದಲ್ಲಿ ಕೂಡುವ ತುದಿಗಳು ತಂತಿಯ ಮೇಲೆ ಕೂಡುವುದಿಲ್ಲ.

ಇದಕ್ಕಿಂತ ಸಮೀಪದಲ್ಲಿಯೇ ಮತ್ತೊಂದು ತೊಡಕುಂಟು. ಚಕ್ರದಲ್ಲಿ ಸ, ಪ, ರಿ, ಧ ಇವು ಕ್ರಮವಾಗಿ ನೆರೆಹೊರೆ. ಪಂಚಮಕ್ಕೆ ಸಂವಾದಿಯಾದ ರಿಷಭವು 9:8. ಮ-ಧ-ಸ ಗುಚ್ಛವು ಮಧುರವಾಗಿ ನುಡಿಯಬೇಕಾದರೆ ಧೈವತವು ಮಧ್ಯಮದಿಂದ 5:4 ರ ದೂರದಲ್ಲಿ, ಎಂದರೆ ಷಡ್ಜದಿಂದ 5:3 ರಲ್ಲಿ ನಿಲ್ಲಬೇಕು. ಈ ರಿಷಭಕ್ಕೂ ಈ ಧೈವತಕ್ಕೂ ನಡುವಣ ಅಂತರ 40:27. ಶುದ್ಧಪಂಚಮಕ್ಕೆ 81:80 ರಷ್ಟು ಕಡಿಮೆ. ರಿಷಭವನ್ನು 10:9 ಕ್ಕೆ ಇಳಿಸಿದರೆ ಧೈವತಕ್ಕೆ ಹೊಂದುತ್ತದೆ, ಪಂಚಮಕ್ಕೆ ತಪ್ಪುತ್ತದೆ. ಒಂದು ರಿಷಭವು ಎರಡು ಸಂವಾದಗಳನ್ನು ಏಕಕಾಲದಲ್ಲಿ ನಿರ್ವಹಿಸಲಾರದು.

ಈ ಅಂತರವು ಕೇವಲ ಗಣಿತದ್ದು, ಕಿವಿಗೆ ತೋರದು ಎಂದು ಶಂಕಿಸಬಹುದು. ಅದು ಅರ್ಧಸ್ವರದ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಎರಡು ತಂತಿಗಳನ್ನು ಕೂಡಿ ಮಿಡಿದಾಗ ನಾದದಲ್ಲಿ ಅಲೆಯಲೆಯಾದ ನಡುಕವನ್ನು ಉಂಟುಮಾಡುತ್ತದೆ. ಈ ಸೂಕ್ಷ್ಮವನ್ನೇ ಭರತಮುನಿಯು ನಾಟ್ಯಶಾಸ್ತ್ರದ 28ನೆಯ ಅಧ್ಯಾಯದಲ್ಲಿ ಪ್ರತ್ಯಕ್ಷ ಪ್ರಯೋಗಕ್ಕೆ ವಿಷಯವಾಗಿಸಿದ್ದಾನೆ. ಅವನ ಮತದಲ್ಲಿ ಒಂಬತ್ತು ಅಥವಾ ಹದಿಮೂರು ಶ್ರುತಿಗಳ ಅಂತರವಿರುವ ಸ್ವರಗಳು ಪರಸ್ಪರ ಸಂವಾದಿಗಳು. ಷಡ್ಜಗ್ರಾಮದಲ್ಲಿ ರಿಷಭ ಪಂಚಮಗಳ ಅಂತರ ಹತ್ತು ಶ್ರುತಿ. ಆದುದರಿಂದ ಅವುಗಳಿಗೆ ಸಂವಾದವಿಲ್ಲ. ಪಂಚಮವನ್ನು ಒಂದು ಶ್ರುತಿ ಇಳಿಸಿದರೆ ಮಧ್ಯಮಗ್ರಾಮವಾಗಿ ಸಂವಾದವು ಸಿದ್ಧಿಸುತ್ತದೆ. ಇಳಿಸಿದಷ್ಟೇ ಪ್ರಮಾಣಶ್ರುತಿ. ಆಧುನಿಕ ವಿದ್ವಾಂಸರಲ್ಲಿ ಹಲವರು ಇದನ್ನು 81:80 ಎಂದೇ ಗಣಿಸುತ್ತಾರೆ.

ಪ್ರಯೋಗದ ಕ್ರಮವಿದು. ಅಳತೆ, ತಂತಿ, ಮೂರ್ಛನೆಗಳಲ್ಲಿ ಸಮಾನವಾದ ಎರಡು ವೀಣೆಗಳು ಬೇಕು. ಒಂದರ ಶ್ರುತಿಯನ್ನು ಕದಲಿಸಕೂಡದು, ಮತ್ತೊಂದರದನ್ನು ಇಳಿಸುತ್ತ ಬರಬೇಕು. ಮೊದಲನೆಯದನ್ನು ಧ್ರುವವೀಣೆಯೆಂದೂ ಎರಡನೆಯದನ್ನು ಚಲವೀಣೆಯೆಂದೂ ಕರೆಯುವುದು ವಾಡಿಕೆ. ಮೊದಲ ಸಾರಣೆಯಲ್ಲಿ ಚಲವೀಣೆಯ ಪಂಚಮವನ್ನು ಪ್ರಮಾಣಶ್ರುತಿಯಷ್ಟು ಇಳಿಸಿ, ಉಳಿದ ಸ್ವರಗಳನ್ನೂ ಅದಕ್ಕೆ ಹೊಂದಿಸಿ ಮತ್ತೆ ಷಡ್ಜಗ್ರಾಮವನ್ನು ಕಟ್ಟಬೇಕು. ಎರಡನೆಯದರಲ್ಲಿ ಗಾಂಧಾರ ನಿಷಾದಗಳು ಧ್ರುವವೀಣೆಯ ರಿಷಭ ಧೈವತಗಳಲ್ಲಿಯೂ, ಮೂರನೆಯದರಲ್ಲಿ ರಿಷಭ ಧೈವತಗಳು ಷಡ್ಜ ಪಂಚಮಗಳಲ್ಲಿಯೂ, ನಾಲ್ಕನೆಯದರಲ್ಲಿ ಪಂಚಮ ಮಧ್ಯಮ ಷಡ್ಜಗಳು ಮಧ್ಯಮ ಗಾಂಧಾರ ನಿಷಾದಗಳಲ್ಲಿಯೂ ಲೀನವಾಗುತ್ತವೆ. ನಾಲ್ಕು, ಆರು, ಹನ್ನೆರಡು ಕೂಡಿ ಇಪ್ಪತ್ತೆರಡು ಶ್ರುತಿಗಳು ಕಿವಿಯ ಸಾಕ್ಷ್ಯದಿಂದಲೇ ಎಣಿಕೆಗೆ ಬರುತ್ತವೆ.

ಕನ್ನಡನಾಡಿನಲ್ಲಿಯೂ ಇಂತಹ ವಿಧಾನಕ್ಕೆ ನಿದರ್ಶನವುಂಟು. ವಿಜಯನಗರದ ರಾಮರಾಜನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ ರಚಿಸಿದ ಸ್ವರಮೇಳಕಲಾನಿಧಿಯಲ್ಲಿ ಸ, ಪ, ಸ, ಮ ಎಂದು ಶ್ರುತಿಮಾಡಿದ ನಾಲ್ಕು ತಂತಿಗಳ ವೀಣೆಗೆ ಮೆಟ್ಟುಗಳನ್ನಿಡುವ ಬಗೆಯನ್ನು ಹೇಳಿದೆ. ಎರಡನೆಯ ಮೆಟ್ಟಿನಲ್ಲಿ ಮಧ್ಯಮದ ತಂತಿಯು ಪಂಚಮವನ್ನು ನುಡಿಯಬೇಕು. ಐದನೆಯದರಲ್ಲಿ ಷಡ್ಜದ ತಂತಿಯು ಮಧ್ಯಮವನ್ನೂ ಪಂಚಮದ ತಂತಿಯು ಷಡ್ಜವನ್ನೂ ನುಡಿಯಬೇಕು. ಒಂದು ತಂತಿಯ ತಪ್ಪನ್ನು ಮತ್ತೊಂದು ತಂತಿಯೇ ಹೊರಗೆಡಹುತ್ತದೆ.

ಪಿಯಾನೋವಿನಲ್ಲಿ ಹನ್ನೆರಡು ಪಂಚಮಗಳನ್ನೂ ಅತ್ಯಲ್ಪವಾಗಿ ಕುಗ್ಗಿಸಿ ಚಕ್ರವನ್ನು ಮುಚ್ಚಿದ್ದಾರೆ. ಇದರಿಂದ ಯಾವ ಸ್ವರವನ್ನಾದರೂ ಷಡ್ಜವಾಗಿ ಹಿಡಿದು ಗುಚ್ಛಗಳನ್ನು ನುಡಿಸಬಹುದು. ಅದಕ್ಕೆ ತೆತ್ತ ಬೆಲೆಯೆಂದರೆ 5:4 ರ ಗಾಂಧಾರವು ಅರ್ಧಸ್ವರದ ಸುಮಾರು ಏಳರಲ್ಲೊಂದು ಪಾಲು ಏರಿರುವುದು. ಇದು ಮನುಷ್ಯನು ಬುದ್ಧಿಪೂರ್ವಕವಾಗಿ ಮಾಡಿಕೊಂಡ ಒಡಂಬಡಿಕೆಯೇ ಹೊರತು ನಾದದ ಸಹಜಸ್ಥಿತಿಯಲ್ಲ. ಚಕ್ರವನ್ನಷ್ಟೇ ನೋಡಿ ಕಲಿತವನಿಗೆ ಈ ವಿವೇಕವು ಹುಟ್ಟುವ ಬಗೆಯಿಲ್ಲ.

ಆದಕಾರಣ ಚಕ್ರವನ್ನು ತ್ಯಜಿಸಬೇಕೆಂದಲ್ಲ. ಸ್ವರಗಳ ನಂಟನ್ನು ತಿಳಿಯಲು ಚಕ್ರವು ಸಾಧನ; ಅವುಗಳ ಅಂತರವನ್ನು ತಿಳಿಯಲು ತಂತಿಯೇ ಪ್ರಮಾಣ. ಮೊದಲು ತಂತಿ, ಬಳಿಕ ಚಕ್ರ ಎಂಬ ಕ್ರಮವನ್ನು ಹಿಡಿದರೆ ಎರಡೂ ಸಾರ್ಥಕವಾಗುತ್ತವೆ. ನಾಟ್ಯಶಾಸ್ತ್ರವನ್ನು ಪಾಠಹೇಳುವವರಿಗೂ ಈ ಮಾತು ಸಲ್ಲುತ್ತದೆ. ಸಾರಣೆಯ ಪ್ರಕರಣವು ಅನ್ವಯ ವಿಗ್ರಹಗಳಿಂದ ಮಾತ್ರ ತೆರೆಯುವ ಗ್ರಂಥಭಾಗವಲ್ಲ. ಎರಡು ವೀಣೆಗಳು ದೊರೆಯದಿದ್ದರೆ ಎರಡು ತಂಬೂರಿಗಳನ್ನಾದರೂ ಮುಂದಿಟ್ಟುಕೊಂಡು ಒಂದು ತಂತಿಯನ್ನು ಸಂವಾದವಾಗುವವರೆಗೆ ಇಳಿಸಿ ಕೇಳಿಸಿದರೆ, ಪ್ರಮಾಣಶ್ರುತಿಯೆಂಬ ಪದದ ಅರ್ಥವು ವಿದ್ಯಾರ್ಥಿಯ ಕಿವಿಯಲ್ಲಿಯೇ ನಿಲ್ಲುತ್ತದೆ.