ಊರಿನ ಪ್ರಾಚೀನ ವಸ್ತುಗಳೂ ಕಾಯಿದೆಯ ಕಟ್ಟುಪಾಡೂ

ರಾಯಕೋಟೆಯ ಬೆಟ್ಟದ ಮೇಲಿನ ದುರ್ಗವು 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, ಟಿಪ್ಪುವಿನ ಕೈಯಿಂದ ಇಂಗ್ಲಿಷರ ವಶವಾಯಿತೆಂಬುದನ್ನು ನಮ್ಮ ಬಾಲಕರೂ ಬಲ್ಲರು. ದುರ್ಗವನ್ನು ಯಾರೂ ಹೊತ್ತುಕೊಂಡು ಹೋಗಲಾರರು. ಆದರೆ ಹೊಲದ ಬದುವಿನ ವೀರಗಲ್ಲು, ಗುಡಿಯ ಉತ್ಸವಮೂರ್ತಿ, ಅಟ್ಟದ ಮೇಲಿನ ಓಲೆಗರಿಯ ಕಟ್ಟು ಒಂದೇ ರಾತ್ರಿಯಲ್ಲಿ ಊರು ಬಿಡಬಲ್ಲವು. ಇವುಗಳ ವಿಷಯದಲ್ಲಿ ಕಾಯಿದೆ ಏನು ಹೇಳುತ್ತದೆ, ಶಿಕ್ಷಕರು ಮಾಡತಕ್ಕುದೇನು ಎಂಬುದನ್ನು ಸಂಗ್ರಹವಾಗಿ ವಿವೇಚಿಸುತ್ತೇವೆ.

ಮೊದಲನೆಯದು ವರ್ಗೀಕರಣ. ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯು 1972ರಲ್ಲಿ ಅಂಗೀಕೃತವಾಗಿ, 1976ರ ಏಪ್ರಿಲ್ 5ರಿಂದ ಜಾರಿಗೆ ಬಂದಿತು. ಇದರ ಪ್ರಕಾರ 100 ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ, ಶಿಲ್ಪ, ಚಿತ್ರ, ಶಾಸನ, ಕಟ್ಟಡದಿಂದ ಬೇರ್ಪಟ್ಟ ಭಾಗ ಮೊದಲಾದುವು ಪ್ರಾಚೀನ ವಸ್ತುಗಳು. ಸಾಹಿತ್ಯ, ಶಾಸ್ತ್ರ, ಇತಿಹಾಸಗಳ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿಗಾದರೆ 75 ವರ್ಷ ಸಾಕು. ನಮ್ಮ ಸೀಮೆಯಲ್ಲಿ ವೇಡಿಯಪ್ಪನೆಂದು ಪೂಜೆಗೊಳ್ಳುವ ಹಳೆಯ ವೀರಗಲ್ಲೂ, ಮುತ್ತಜ್ಜ ಬರೆದಿಟ್ಟ ವೈದ್ಯದ ಓಲೆಯೂ ಈ ಲೆಕ್ಕಕ್ಕೆ ಸೇರಬಲ್ಲವು.

ಎರಡನೆಯದು ಮಾರಾಟ. ಮನೆಯಲ್ಲಿ ಪ್ರಾಚೀನ ವಸ್ತುವನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ. ಶಿಲ್ಪ, ವರ್ಣಚಿತ್ರ, ಸಚಿತ್ರ ಹಸ್ತಪ್ರತಿ ಮುಂತಾಗಿ ಸರಕಾರವು ಸೂಚಿಸಿದ ಬಗೆಯವನ್ನು ನೋಂದಾಯಿಸಬೇಕು. ಕೈ ಬದಲಾದರೆ ತಿಳಿಸಬೇಕು. ಇವುಗಳ ವ್ಯಾಪಾರ ಮಾಡುವವನಿಗೆ ಲೈಸೆನ್ಸು ಬೇಕು. ನೆಲದಲ್ಲಿ ಹುದುಗಿದ್ದುದು ದೊರೆತರೆ, ಅದರ ಬೆಲೆ 10 ರೂಪಾಯಿ ಮೀರಿದಲ್ಲಿ, 1878ರ ನಿಧಿ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸತಕ್ಕದ್ದು.

ಮೂರನೆಯದು ರಫ್ತು. ಕೇಂದ್ರ ಸರಕಾರ ಅಥವಾ ಅದು ನೇಮಿಸಿದ ಸಂಸ್ಥೆಯ ಹೊರತು ಇನ್ನಾರೂ ಇವನ್ನು ದೇಶದಾಚೆ ಕಳುಹಿಸುವಂತಿಲ್ಲ. ತಪ್ಪಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆ, ಜೊತೆಗೆ ದಂಡ.

ಇಷ್ಟಿದ್ದೂ ವಸ್ತುಗಳು ಹೋಗುತ್ತಿರುವುದೇಕೆ? ಕಳೆದುದು ಇಂಥದೇ ಎಂದು ಹೇಳಬಲ್ಲವರಿಲ್ಲದಿದ್ದರೆ ಕಾಯಿದೆಗೆ ಕೈಯೇ ಇಲ್ಲ. ಅರಿಯಲೂರು ಸೀಮೆಯ ಶ್ರೀಪುರಂದಾನ್ ಗುಡಿಯ ನಟರಾಜಮೂರ್ತಿ ಕಳುವಾಗಿ, 2008ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆಗೆ ಮಾರಾಟವಾಗಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆ ತೆಗೆದಿಟ್ಟ ಛಾಯಾಚಿತ್ರವು ಅದರ ಗುರುತಿಗೆ ಆಧಾರವಾಯಿತು. 2014ರಲ್ಲಿ ಮೂರ್ತಿ ಭಾರತಕ್ಕೆ ಮರಳಿತು. ಒಂದು ಪಟವಿದ್ದುದರಿಂದ ದೇವರು ಮನೆಗೆ ಬಂದ.

ನಮ್ಮ ತಪ್ಪನ್ನೂ ಇಲ್ಲಿ ಮುಚ್ಚಿಡಲಾಗದು. ಒಮ್ಮೆ ಬಾಲಕನೊಬ್ಬ ಮನೆಯ ಓಲೆಕಟ್ಟಿನಿಂದ ಒಂದು ಗರಿಯನ್ನು ತರಗತಿಗೆ ತಂದ. ಹಳಗಾಲದ ಕನ್ನಡ ಅಕ್ಷರಗಳು. ನಾವು ಅವನ ಬೆನ್ನು ತಟ್ಟಿ, ಪರೀಕ್ಷೆ ಮುಗಿದ ಮೇಲೆ ಬಂದು ನೋಡುವೆವೆಂದೆವು. ಹೋದಾಗ ಅವನ ಅಜ್ಜಿ, "ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟೆವು ಮೇಷ್ಟ್ರೇ, ಯಾರಿಗೂ ಓದಕ್ಕೆ ಬರ್ತಿರಲಿಲ್ಲ" ಎಂದರು. ಎಷ್ಟು ಗರಿ, ಯಾವ ಗ್ರಂಥ, ಯಾರು ಕೊಂಡವರು? ಒಂದಕ್ಕೂ ಉತ್ತರವಿರಲಿಲ್ಲ. ದೂರು ಕೊಡಲು ಕೂಡ ನಮ್ಮಲ್ಲಿ ಒಂದು ಸಾಲು ಬರಹವಿರಲಿಲ್ಲ. ಅಜ್ಜಿಯನ್ನು ದೂರುವುದು ನ್ಯಾಯವಲ್ಲ. ಓದಬಲ್ಲವರಾದ ನಾವೇ ತಡಮಾಡಿದೆವು.

ಆದಕಾರಣ ಶಿಕ್ಷಕಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಪ್ರತಿ ಶಾಲೆಯಲ್ಲೂ ಒಂದು ದಾಖಲೆ ಪುಸ್ತಕವಿರಲಿ. ವಸ್ತು ಯಾವುದು, ಯಾವುದರಿಂದ ಮಾಡಿದ್ದು, ಉದ್ದಗಲವೆಷ್ಟು, ಎಲ್ಲಿದೆ, ಎಲ್ಲಿ ಮುಕ್ಕಾಗಿದೆ ಎಂದು ಬರೆದು, ನಾಲ್ಕು ಕಡೆಯ ಪಟ ತೆಗೆದು, ತಾರೀಖು ಹಾಕಿರಿ. ಪುಸ್ತಕವನ್ನು ಗೋಡೆಗೆ ತೂಗಹಾಕಬೇಡಿ, ಕಳ್ಳನಿಗೂ ಅಕ್ಷರ ಬರುತ್ತದೆ. ಒಂದು ಪ್ರತಿ ಶಾಲೆಯ ಬೀರುವಿನಲ್ಲಿ, ಇನ್ನೊಂದು ಪುರಾತತ್ವ ಇಲಾಖೆಯಲ್ಲಿ ಇರಲಿ. ಗಡಿಯಲ್ಲಿರುವ ನಮಗೆ ನಮ್ಮ ನುಡಿಯ ಹಳೆಯ ಸಾಕ್ಷಿಗಳು ಈ ಕಲ್ಲು ಓಲೆಗಳೇ. ಅವು ಹೋದ ಮೇಲೆ ಬರೆಯುವುದಕ್ಕಿಂತ, ಇರುವಾಗಲೇ ಬರೆದಿಡುವುದು ಲೇಸು.